ಎರಿ ಹೊಲದಾಗ ಬೋರಿಗೆ ನೀರು ಇಂಗಿಸೋದಾ, ಹಳೇ ಬಾವಿಗಾ?

ತೊಗರಿಹೊಲ (ಆಳಂದ ತಾಲ್ಲೂಕು):

ಎಲ್ಲರಿಗೂ ಶರಣು.

6 ಎಕರೆ ಎರಿ (ಕಪ್ಪು ಜೇಡಿ ಮಣ್ಣಿನ) ಹೊಲ ಅದ. ಮುಂಗಾರಿಗೆ ತೊಗರಿ, ಹಿಂಗಾರಿಗೆ ಜೋಳ, ಕಡ್ಲಿ. ಮ್ಯಾಲಿನ 4–5 ಅಡಿ ಎರಿ ಮಣ್ಣು, ಅದರ ಕೆಳಗ ಸುಣ್ಣದ ಹರಳು ಬೆರೆತ ಮರಂ, 20 ಅಡಿ ಸುಮಾರಿಗೆ ಕರಿಗಲ್ಲು ಸಿಗ್ತದ. ಹೊಲದಾಗ ಇರೋದು ಇಷ್ಟು:

ಬೋರು ಒಂದು, 320 ಅಡಿ. ಫೆಬ್ರುವರಿತನಕ ನಡೀತದ, ಆಮ್ಯಾಲ ಗಾಳಿ ಹೊಡೀತದ. ಇನ್ನೊಂದು 480 ಅಡಿ, ಹೊಡಿಸಿದ ದಿನದಿಂದಲೂ ಫೇಲ್. ಹಳೇ ಕಲ್ಲುಕಟ್ಟಿನ ಬಾವಿ ಒಂದದ. 38 ಅಡಿ ಆಳ, 20 ಅಡಿ ಅಗಲ, ದುಂಡನೆಯದು. ಮಾರ್ಚಿಗೆ ತಳ ಕಾಣ್ತದ. ಬಾವಿಯಿಂದ ಮ್ಯಾಲ ಸುಮಾರು 3 ಎಕರೆ ನೀರು ಇಳಿದು ಬಂದು ಹಳ್ಳಕ್ಕ ಹೋಗ್ತದ. ಹೊಲದ ನಡುವಿನಿಂದ ಬಾವಿಗೆ 3 ಅಡಿಯಷ್ಟು ಇಳಿಜಾರು ಅದ.

ಗುತ್ತಿಗೆ ಮಾಡೋರೊಬ್ಬರು ಫೇಲಾದ ಬೋರಿನ ಸುತ್ತ 10×10×10 ಅಡಿ ಗುಂಡಿ ತೋಡಿ, ಕೇಸಿಂಗಿಗೆ (ಬೋರಿನ ಬಾಯಿಗೆ ಇಳಿಸಿದ ಪೈಪಿಗೆ) ತೂತು ಹಾಕಿ, ಕಲ್ಲು, ಜೆಲ್ಲಿ, ಮರಳು ತುಂಬಿದ್ರ ಎರಡೂ ಬೋರು ತುಂಬ್ತಾವ ಅಂತಾರ. ಮಳಿ ನೀರು ನಮ್ಮಲ್ಲಿ ಕಪ್ಪು ಗಂಜಿ ಹಂಗ ಬರ್ತದ. ಅದನ್ನ ಬೋರಿಗೆ ಬಿಟ್ರ ನಡೀತದೇನ್ರಿ? ಬೋರು ಮೊದಲಾ, ಬಾವಿ ಮೊದಲಾ? ಅಳತಿ ಸಮೇತ ತಿಳಿದವರು ಹೇಳ್ರಿ.

---

ಕಲ್ಲುಪದರ:

ಬಾವಿ ಮೊದಲು. ಫೇಲಾದ ಬೋರನ್ನು ಪರೀಕ್ಷೆ ಮಾಡದೆ ಅದರ ಸುತ್ತ ಒಂದು ಗುದ್ದಲಿಯನ್ನೂ ಹಾಕಬೇಡಿ.

ಆಳಂದ, ಕಲಬುರಗಿ ಭಾಗದ ಅಡಿಗೆ ಇರುವುದು ಲಾವಾ ಹರಿದು ಪದರಪದರವಾಗಿ ಕೂತ ಬಸಾಲ್ಟ್. ಪದರಗಳ ನಡುವೆ ಅಲ್ಲಲ್ಲಿ ಕೆಂಪು ಜೇಡಿಯ ಪಟ್ಟಿ ಇರುತ್ತದೆ. ನೀರು ಹಿಡಿಯುವುದು ಮೂರು ಜಾಗ: ಮೇಲಿನ ಕೊಳೆತ ಕಲ್ಲು ಅಂದರೆ ನಿಮ್ಮ ಮರಂ, ತೂತುತೂತಾದ ಗುಳ್ಳೆ ಕಲ್ಲು, ಮತ್ತು ಬಿರುಕು. ಗಟ್ಟಿ ಕರಿಗಲ್ಲಿನಲ್ಲಿ ಬಿರುಕು ಸಿಗದಿದ್ದರೆ 480 ಅಡಿಯಲ್ಲ, 800 ಅಡಿ ಹೊಡೆದರೂ ಅದು ಒಣ ಕೊಳವೆಯೇ. ಕೊಡಲು ನೀರಿಲ್ಲದ ಬೋರಿಗೆ ಕುಡಿಯಲು ಬಾಯಿಯೂ ಇರುವುದಿಲ್ಲ. ಹೊಡೆದ ದಿನದಿಂದಲೇ ಫೇಲಾದ ಬೋರು ಹೆಚ್ಚಾಗಿ ಈ ಜಾತಿಯದು. ಮೊದಲು ನೀರು ಕೊಟ್ಟು ಆಮೇಲೆ ಬತ್ತಿದ ಬೋರಾದರೆ ಮಾತು ಬೇರೆ. ಅದರಲ್ಲಿ ಬಿರುಕು ಇದೆ, ಖಾಲಿಯಾಗಿದೆ ಅಷ್ಟೆ.

ಪರೀಕ್ಷೆ ಹೀಗೆ. ಆರೂವರೆ ಇಂಚಿನ ಬೋರು ಅಡಿಗೆ ಸುಮಾರು 6.5 ಲೀಟರ್ ಹಿಡಿಯುತ್ತದೆ. 480 ಅಡಿ ಅಂದರೆ 3,100 ಲೀಟರ್ ಬರೀ ಕೊಳವೆ ತುಂಬಲಿಕ್ಕೇ ಬೇಕು. ಅನೇಕರು ಮೋಸ ಹೋಗುವುದು ಇಲ್ಲೇ: ಅರ್ಧ ಟ್ಯಾಂಕರ್ ಸುರಿದರು, ನೀರು ಕಾಣೆಯಾಯಿತು, 'ಬೋರು ಕುಡೀತದ' ಅಂದರು. ಅದು ಕುಡಿದಿಲ್ಲ, ತುಂಬಿದೆ. ಹಾಗಾಗಿ 5,000 ಲೀಟರಿನ ಒಂದು ಟ್ಯಾಂಕರ್ ತಿಳಿನೀರು ತರಿಸಿ, ನೀರು ಕೇಸಿಂಗ್ ಬಾಯಿಗೆ ಬರುವವರೆಗೆ ಬಿಡಿ. ಆಮೇಲೆ ನೂಲಿಗೆ ಚಿಕ್ಕ ಕಬ್ಬಿಣದ ತೂಕ ಕಟ್ಟಿ ಇಳಿಸಿ 10, 30, 60 ನಿಮಿಷಕ್ಕೆ ಮಟ್ಟ ಅಳೆಯಿರಿ. ಒಂದು ಗಂಟೆಯಲ್ಲಿ 100 ಅಡಿ ಇಳಿದರೆ 650 ಲೀಟರ್ ಕಲ್ಲಿಗೆ ಹೋಗಿದೆ. ಗಂಟೆಗೆ 500 ಲೀಟರೂ ಕುಡಿಯದ ಬೋರಿಗೆ ಗುಂಡಿ ತೋಡುವುದು ದಂಡ ಅಂತಲೇ ನನ್ನ ಲೆಕ್ಕ. ಸಾವಿರ, ಎರಡು ಸಾವಿರ ಕುಡಿದರೆ ಮುಂದಿನ ಮಾತು.

ಈಗ ಕಪ್ಪು ಗಂಜಿಯ ವಿಚಾರ. ಎರಿ ಮಣ್ಣಿನ ಜೇಡಿ ಕಣ ಬಹಳ ಸಣ್ಣದು, ನೀರಲ್ಲಿ ಬಿಡಿಬಿಡಿಯಾಗಿ ತೇಲುತ್ತದೆ. ಮರಳು ಅದನ್ನು ತಡೆಯುವುದಿಲ್ಲ. ಮರಳಿನ ಸಂದಿಯಲ್ಲಿ ಸ್ವಲ್ಪ ಕೂತು ಫಿಲ್ಟರನ್ನು ಕಟ್ಟುತ್ತದೆ, ಉಳಿದದ್ದು ದಾಟಿಹೋಗಿ ಬಿರುಕಿನೊಳಗೆ ಕೂತು ಹಿಗ್ಗುತ್ತದೆ. ಫಿಲ್ಟರ್ ಕಟ್ಟಿದರೆ ತೆಗೆದು ತೊಳೆಯಬಹುದು. 200 ಅಡಿ ಕೆಳಗೆ ಬಿರುಕು ಕಟ್ಟಿದರೆ ಅದನ್ನು ತೊಳೆಯುವವರಿಲ್ಲ. ಕೆಂಪು ಮಣ್ಣಿನ, ಮಸಾರಿ ಸೀಮೆಯಲ್ಲಿ ಗೆದ್ದ 10×10×10 ಗುಂಡಿಯನ್ನು ಹಾಗೇ ತಂದು ಎರಿ ಹೊಲದಲ್ಲಿ ಇಟ್ಟರೆ ಎರಡನೇ ಮಳೆಗಾಲಕ್ಕೆ ಅದು ಕೆಸರಿನ ಬಾನಿ. ನಡೆಯುತ್ತಿರುವ 320 ಅಡಿ ಬೋರಿನ ಕೇಸಿಂಗಿಗಂತೂ ತೂತು ಹಾಕಿಸಲೇಬೇಡಿ. ಮೋಟಾರ್ ಸುತ್ತ ಜೇಡಿ ಕೂತರೆ ಎತ್ತಲಿಕ್ಕೂ ಬರುವುದಿಲ್ಲ.

ಎರಿ ಸೀಮೆಯಲ್ಲಿ ಕೆಲಸದ ಕ್ರಮ ಒಂದೇ: ನೀರನ್ನು ಮೊದಲು ನಿಲ್ಲಿಸಬೇಕು, ತಿಳಿಯಾಗಲು ಬಿಡಬೇಕು, ಆಮೇಲೆ ಮೇಲಿನ ತಿಳಿನೀರನ್ನು ಮಾತ್ರ ನೆಲದೊಳಗೆ ಕಳಿಸಬೇಕು. ನಿಮ್ಮ ಬಾವಿ ಎರಿ ಮಣ್ಣನ್ನು ಆಗಲೇ ಸೀಳಿಕೊಂಡು ಮರಂ, ಕೊಳೆತ ಕಲ್ಲಿನ ತನಕ ಇಳಿದಿದೆ. ಅಂಥ ಬಾವಿ ಇಟ್ಟುಕೊಂಡು ಬೇರೆ ಗುಂಡಿ ಯಾಕೆ? 20 ಅಡಿ ಅಗಲದ ಬಾವಿಯಲ್ಲಿ ಒಂದು ಮೀಟರ್ ನೀರು ಅಂದರೆ 29,000 ಲೀಟರ್. ಕೆಸರು ಬಂದರೂ ತಳದಲ್ಲಿ ಕೂರುತ್ತದೆ, ಬೇಸಿಗೆಯಲ್ಲಿ ಇಳಿದು ತೆಗೆಯಬಹುದು.

ನೀರೆಷ್ಟು ಬರುತ್ತದೆ ನೋಡಿ. 3 ಎಕರೆ ಅಂದರೆ ಸುಮಾರು 12,140 ಚದರ ಮೀಟರ್. ಒಂದು ಸಲ 50 ಮಿಲಿಮೀಟರ್ ಮಳೆ ಬಿದ್ದು ಅದರಲ್ಲಿ ಐದರಲ್ಲಿ ಒಂದು ಪಾಲು ಹರಿದರೂ 1.2 ಲಕ್ಷ ಲೀಟರ್. ಜೂನ್ ತಿಂಗಳ ಮೊದಲ ಮಳೆಗಳಲ್ಲಿ ಇಷ್ಟು ಹರಿಯುವುದಿಲ್ಲ, ನೆಲದ ಬಿರುಕುಗಳೇ ಕುಡಿದುಬಿಡುತ್ತವೆ. ಬಿರುಕು ಮುಚ್ಚಿಕೊಂಡ ಮೇಲೆ, ಆಗಸ್ಟ್–ಸೆಪ್ಟೆಂಬರಿನಲ್ಲಿ, ಇದಕ್ಕಿಂತ ಹೆಚ್ಚೇ ಹರಿಯುತ್ತದೆ. ಈ ನೀರು ಒಂದೆರಡು ಗಂಟೆಯಲ್ಲಿ ಬಂದು ಹೋಗುತ್ತದೆ. ಯಾವ ಫಿಲ್ಟರೂ ಅಷ್ಟು ಬೇಗ ಸೋಸಲಾರದು. ಹಾಗಾಗಿ ನಡುವೆ ಹೊಂಡ ಬೇಕೇ ಬೇಕು.

---

ಫರ್ಸಿಕಲ್ಲು (ಚಿತ್ತಾಪುರ):

ಮೇಲಿನವರು ಹೇಳಿದ್ದು ಸರಿ. ಅಳತೆಗಳನ್ನು ನಾನು ಕೊಡುತ್ತೇನೆ.

ಹೊಂಡ: ಕೃಷಿ ಹೊಂಡಕ್ಕೆ 10×10×3, 12×12×3, 15×15×3, 18×18×3, 21×21×3 ಮೀಟರಿನ ಅಳತೆಗಳು ರೂಢಿಯಲ್ಲಿವೆ. 3 ಎಕರೆ ನೀರಿಗೆ 12×12×3 ಸಾಕು. ಆದರೆ ಎರಿ ಮಣ್ಣಿನ ದಂಡೆಯನ್ನು ನೇರ ಕಡಿಯಬೇಡಿ, ಮೊದಲ ದೊಡ್ಡ ಮಳೆಗೇ ಕುಸಿದು ಹೊಂಡದೊಳಗೆ ಬೀಳುತ್ತದೆ. ಒಂದು ಮೀಟರ್ ಆಳಕ್ಕೆ ಒಂದೂವರೆ ಮೀಟರ್ ಓರೆ ಕೊಡಿ. ಆಗ ತಳ 3×3 ಮೀಟರ್ ಉಳಿಯುತ್ತದೆ, ಹೊಂಡದಲ್ಲಿ 1.89 ಲಕ್ಷ ಲೀಟರ್ ಹಿಡಿಯುತ್ತದೆ. ಇದರಲ್ಲಿ 1.11 ಲಕ್ಷ ಮೇಲಿನ ಒಂದು ಮೀಟರಿನಲ್ಲೇ ಇರುತ್ತದೆ. ನಿಮಗೆ ಬೇಕಾದ ತಿಳಿನೀರು ಅದೇ.

ಇನ್ನೊಂದು ಮಾತು. ನಿಮ್ಮಲ್ಲಿ 5 ಅಡಿಗೆ ಮರಂ ಸಿಗುತ್ತದೆ. 3 ಮೀಟರ್ ತೋಡಿದರೆ ಹೊಂಡದ ಅರ್ಧ ಮರಂನಲ್ಲಿ ಕೂರುತ್ತದೆ, ನೀರು ತಾನಾಗಿಯೇ ಇಂಗುತ್ತದೆ. 'ಹೊಂಡದಾಗ ನೀರು ನಿಲ್ಲವಲ್ದು' ಅಂತ ಬೇಜಾರು ಮಾಡಿಕೊಂಡು ಪ್ಲಾಸ್ಟಿಕ್ ಹೊದಿಸಲಿಕ್ಕೆ ಓಡಬೇಡಿ. ಆ ನೀರು ಹೋಗುವುದು ನಿಮ್ಮ ಬಾವಿಯ ಸೆಲೆಗೇ. ಹಾಗಂತ ಅದೂ ಶಾಶ್ವತವಲ್ಲ, ತಳದಲ್ಲಿ ಎರಿ ಜೇಡಿಯ ಪದರ ಕೂತಂತೆ ಇಂಗುವುದು ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಆ ಪದರ ಒಣಗಿ ರೊಟ್ಟಿಯ ಹಾಗೆ ಬಿರಿದು ಎದ್ದಿರುತ್ತದೆ. ಏಪ್ರಿಲಿನಲ್ಲಿ ಅದನ್ನು ಸಲಿಕೆಯಲ್ಲಿ ಎತ್ತಿ ಹೊಲಕ್ಕೇ ಹಾಕಿ. ಮಳೆ ಬಿದ್ದ ಮೇಲೆ ತೆಗೆಯುತ್ತೇನೆ ಅಂದರೆ ಆಗದು, ಗೋಂದಿನಂತಾಗುತ್ತದೆ.

ನೀರು ಒಳಬರುವ ಜಾಗ: ಹೊಂಡಕ್ಕೆ ಮೊದಲು 3×2 ಮೀಟರ್, ಒಂದು ಮೀಟರ್ ಆಳದ ಹೂಳುಗುಂಡಿ. ಅಲ್ಲಿಂದ ಹೊಂಡಕ್ಕೆ ಇಳಿಯುವ ಓರೆಯಲ್ಲಿ ಕಲ್ಲು ಹಾಸಬೇಕು. ಹಾಸದಿದ್ದರೆ ನೀರು ಮಣ್ಣನ್ನು ಕೊರೆದು ಹೊಂಡದೊಳಗೇ ತಂದು ಹಾಕುತ್ತದೆ.

ಕೋಡಿ: ಹೊಂಡ ತುಂಬಿದ ಮೇಲೆ ಹೆಚ್ಚಿನ ನೀರು ಹೋಗಲಿಕ್ಕೆ ಒಂದು ಮೀಟರ್ ಅಗಲದ ಕಲ್ಲು ಹಾಸಿದ ಕೋಡಿ, ಒಡ್ಡಿನ ತಲೆಗಿಂತ 30 ಸೆಂಟಿಮೀಟರ್ ಕೆಳಗೆ. ಇದನ್ನು ಬಿಡುವವರೇ ಹೆಚ್ಚು. ಈ ಸೀಮೆಗೆ ಬರವೂ ಬರುತ್ತದೆ, ಭೀಮಾ ಉಕ್ಕಿದ 2020ರ ಅಕ್ಟೋಬರಿನಂಥ ಮಳೆಯೂ ಬರುತ್ತದೆ. ಕೋಡಿ ಇಲ್ಲದ ಹೊಂಡದ ಒಡ್ಡು ಒಡೆದರೆ ನೆಲದ ಮಟ್ಟಕ್ಕಿಂತ ಮೇಲೆ ನಿಂತ ನೀರೆಲ್ಲ ಒಟ್ಟಿಗೇ ಕೆಳಗಿನವರ ಹೊಲದ ಮೇಲೆ ಹೋಗುತ್ತದೆ.

ತಿಳಿನೀರು ತೆಗೆಯುವುದು: ಹೊಂಡದ ತಳದಿಂದ ಪೈಪ್ ಇಡಬೇಡಿ, ಕೆಸರೇ ಬರುತ್ತದೆ. 2 ಇಂಚಿನ ಗಟ್ಟಿ ಹೋಸ್ ಪೈಪಿನ ಬಾಯಿಗೆ ಸೊಳ್ಳೆ ಪರದೆಯ ಬಟ್ಟೆ ಎರಡು ಸುತ್ತು ಸುತ್ತಿ, 20 ಲೀಟರಿನ ಮುಚ್ಚಿದ ಖಾಲಿ ಕ್ಯಾನಿಗೆ ಕಟ್ಟಿ ತೇಲಿಬಿಡಿ. ಪೈಪಿನ ಬಾಯಿ ನೀರಿನ ಮೇಲ್ಮೈಯಿಂದ ಒಂದು ಅಡಿ ಕೆಳಗೆ ತೂಗುತ್ತಿರಬೇಕು. ನೀರಿಳಿದಂತೆ ಕ್ಯಾನು ಇಳಿಯುತ್ತದೆ, ಬಾಯಿಗೆ ಯಾವಾಗಲೂ ಮೇಲಿನ ನೀರೇ ಸಿಗುತ್ತದೆ. ಹೋಸನ್ನು ಒಡ್ಡಿನ ಮೇಲಿಂದ ದಾಟಿಸಿ ಬಾವಿ ಕಡೆಗೆ ತನ್ನಿ. ಪೂರ್ತಿ ನೀರು ತುಂಬಿಸಿ ಎರಡೂ ಬಾಯಿ ಮುಚ್ಚಿ ಇಳಿಸಿ ಬಿಟ್ಟರೆ ಸೈಫನ್ ಆಗಿ ತಾನೇ ಹರಿಯುತ್ತದೆ, ಕರೆಂಟ್ ಬೇಡ. 30 ಮೀಟರ್ ಉದ್ದ, ಒಂದು ಮೀಟರ್ ಇಳಿತ ಇದ್ದರೆ ಗಂಟೆಗೆ 6–7 ಸಾವಿರ ಲೀಟರ್ ಬರುತ್ತದೆ. ಹೊಂಡದ ಮಟ್ಟ ಇಳಿದಂತೆ ಧಾರೆ ಸಣ್ಣಗಾಗುತ್ತದೆ. ನಡುವೆ ನಿಂತುಹೋದರೆ ಎಲ್ಲೋ ಗಾಳಿ ಸೇರಿದೆ ಅಂತ ಅರ್ಥ, ಜೋಡಣೆಯ ಕ್ಲಿಪ್ ಬಿಗಿ ಮಾಡಿ.

ಫಿಲ್ಟರ್ ತೊಟ್ಟಿ: ಬಾವಿಯಿಂದ 2–3 ಮೀಟರ್ ದೂರ, ನೆಲದೊಳಗೆ ಹೂತು, ಒಳ ಅಳತೆ 1.5×1.5×1.5 ಮೀಟರ್. ತಳದಲ್ಲಿ 40 ಮಿಲಿಮೀಟರ್ ಜೆಲ್ಲಿ 45 ಸೆಂಟಿಮೀಟರ್, ಅದರ ಮೇಲೆ 20 ಮಿಲಿಮೀಟರ್ ಜೆಲ್ಲಿ 30 ಸೆಂಟಿಮೀಟರ್, ಅದರ ಮೇಲೆ ನೈಲಾನ್ ಜಾಳಿಗೆ, ಜಾಳಿಗೆ ಮೇಲೆ ತೊಳೆದ ದಪ್ಪ ಮರಳು 45 ಸೆಂಟಿಮೀಟರ್. ಮೇಲೆ 30 ಸೆಂಟಿಮೀಟರ್ ಖಾಲಿ. ಮರಳು 36 ಘನ ಅಡಿ, ದಪ್ಪ ಜೆಲ್ಲಿ 36, ಸಣ್ಣ ಜೆಲ್ಲಿ 24 ಘನ ಅಡಿ ಹಿಡಿಯುತ್ತದೆ. ಹೋಸಿನ ನೀರು ಬೀಳುವ ಕಡೆ ಮರಳಿನ ಮೇಲೆ ಒಂದು ಅಂಗೈ ಅಗಲದ ಫರ್ಸಿ (ಚಪ್ಪಟೆ ಹಾಸುಗಲ್ಲು) ತುಂಡು ಇಡಿ. ಇಡದಿದ್ದರೆ ಅಲ್ಲೇ ಗುಳಿ ಬಿದ್ದು ನೀರು ಸೋಸದೆ ನೇರ ಜೆಲ್ಲಿಗೆ ಇಳಿಯುತ್ತದೆ.

ಗೋಡೆಗೆ ಶಹಾಬಾದ ಫರ್ಸಿ ಚೆನ್ನಾಗಿ ನಡೆಯುತ್ತದೆ. ಆದರೆ ಎರಿ ಮಣ್ಣು ನೆನೆದಾಗ ಹಿಗ್ಗಿ ಗೋಡೆಯನ್ನು ಒಳಗೆ ತಳ್ಳುತ್ತದೆ, ಒಣಗಿದಾಗ ಬಿಟ್ಟುಕೊಡುತ್ತದೆ. ಎರಡು ವರ್ಷ ಹೀಗಾದರೆ ಸಂದು ಬಿಡುತ್ತದೆ. ಅದಕ್ಕೆ ಗುಂಡಿಯನ್ನು ಸುತ್ತಲೂ ಒಂದು ಅಡಿ ಹೆಚ್ಚು ತೋಡಿ, ಗೋಡೆಗೂ ಎರಿ ಮಣ್ಣಿಗೂ ನಡುವೆ ಮರಂ ತುಂಬಿ ಧಮ್ಮಸ್ಸು ಹಾಕಿ. ತಳ ಮರಂ ಮೇಲೇ ಕೂರಬೇಕು. ಇದೊಂದು ಮಾಡಿಸಿಕೊಳ್ಳದವರ ತೊಟ್ಟಿ ಒಡೆದೇ ಒಡೆಯುತ್ತದೆ.

ತೊಟ್ಟಿಯ ತಳದಿಂದ 4 ಇಂಚಿನ ಪಿವಿಸಿ ಪೈಪ್ ಬಾವಿಗೆ. ಜೆಲ್ಲಿಯೊಳಗಿನ ತುದಿಗೆ ಗರಗಸದಿಂದ ಸೀಳು ಹಾಕಿರಿ. ಬಾವಿಯೊಳಗಿನ ತುದಿ ಗೋಡೆಯಿಂದ ಎರಡು ಅಡಿ ಹೊರಗೆ ಚಾಚಿ, ಬೆಂಡ್ ಹಾಕಿ ಕೆಳಮುಖ ಮಾಡಿ. ಗಾರೆಯಿಲ್ಲದ ಕಲ್ಲುಕಟ್ಟಿನ ಮೇಲೆ ನೀರು ಜಾರಿ ಇಳಿದರೆ ಹಿಂದಿನ ಮಣ್ಣು ತೊಳೆದುಹೋಗಿ ಕಟ್ಟು ಬೀಳುತ್ತದೆ.

ಪ್ರತಿ ಸಲ ಹೊಂಡ ಖಾಲಿ ಮಾಡಿದ ಮೇಲೆ ಮರಳಿನ ಮೇಲಿನ ಎರಡು ಇಂಚು ಕೆರೆದು ತೊಳೆದು ಹಾಕಿ.

---

ತೊಗರಿಹೊಲ:

ಅಣ್ಣಾರ, ಇಬ್ಬರಿಗೂ ಭಾಳ ಉಪಕಾರ ಆಯ್ತ್ರಿ. ಎರಡು ಅನುಮಾನ. ನೀರು ತಿಳಿಯಾಗಲಿಕ್ಕ ಎಷ್ಟು ದಿನ ಬೇಕು? ಮತ್ತ ಹೊಂಡದ ನೀರು ತೊಗರಿಗೆ ಕೊಡ್ಲೋ, ಬಾವಿಗೆ ಬಿಡ್ಲೋ? ಎರಡೂ ಆಗೋ ಹಂಗಿಲ್ಲಲ್ರಿ.

---

ಕಲ್ಲುಪದರ:

ಎರಡೂ ಆಗುತ್ತದೆ, ತಿಂಗಳು ನೋಡಿಕೊಂಡು ಮಾಡಿ.

ನಿಮ್ಮ ಜಿಲ್ಲೆಗೆ ಹೆಚ್ಚು ಮಳೆ ಸೆಪ್ಟೆಂಬರಿನಲ್ಲಿ. ಜುಲೈ, ಆಗಸ್ಟಿನಲ್ಲಿ ತುಂಬಿದ ಹೊಂಡವನ್ನು ಬಾವಿಗೆ ಬಿಟ್ಟು ಖಾಲಿ ಮಾಡಿಕೊಳ್ಳಿ, ಮುಂದಿನ ಮಳೆಗೆ ಜಾಗ ಆಗುತ್ತದೆ. ತುಂಬಿದ ಹೊಂಡದ ಮೇಲೆ ಮತ್ತೆ ಮಳೆ ಬಿದ್ದರೆ ಅದು ಕೋಡಿಯಲ್ಲಿ ಹಳ್ಳಕ್ಕೆ ಹೋಗುವ ನೀರು. ಸೆಪ್ಟೆಂಬರ್ ಕೊನೆಗೆ ತುಂಬಿದ್ದನ್ನು ಹಿಡಿದಿಡಿ. ತೊಗರಿ ಹೂ ಬಿಡುವಾಗ, ಕಾಯಿ ತುಂಬುವಾಗ ತೇವ ಕಡಿಮೆಯಾದರೆ ಹೂ ಉದುರುತ್ತದೆ. ಆಗ ತುಂತುರು ನೀರಾವರಿಯಲ್ಲಿ 25 ಮಿಲಿಮೀಟರಿನಷ್ಟು ಕೊಡಲು ಎಕರೆಗೆ 1 ಲಕ್ಷ ಲೀಟರ್ ಬೇಕು. ಹೊಂಡದ ನೀರು ಸರಿಸುಮಾರು ಎರಡು ಎಕರೆಗೆ ಒಂದು ಸಲ ಆಗುತ್ತದೆ. ಆರೂ ಎಕರೆಗೆ ತೆಳ್ಳಗೆ ಹಂಚಲು ಹೋದರೆ ಯಾವುದಕ್ಕೂ ಸಾಲದು. ಅಕ್ಟೋಬರ್–ನವೆಂಬರಿನಲ್ಲಿ ದಿನಕ್ಕೆ 5–6 ಮಿಲಿಮೀಟರ್ ಬಿಸಿಲಿಗೇ ಹಾರಿಹೋಗುತ್ತದೆ, ಮರಂನಲ್ಲಿ ಇಂಗುವುದು ಬೇರೆ. ಅಂತೂ ಡಿಸೆಂಬರ್ ತನಕ ಕಾಪಾಡುತ್ತೇನೆ ಅನ್ನುವುದು ಬೇಡ.

ತಿಳಿಯಾಗುವ ಕಾಲ ಮಣ್ಣಿನ ಮೇಲಿದೆ. ಗಾಜಿನ ಬಾಟಲಿಯಲ್ಲಿ ಹೊಂಡದ ನೀರು ತುಂಬಿ ಅಲುಗಾಡಿಸದೆ ಇಡಿ. ಮೂರು ದಿನದಲ್ಲಿ ಬಾಟಲಿಯ ಆಚೆ ಹಿಡಿದ ಪೇಪರಿನ ಅಕ್ಷರ ಓದಲು ಬಂದರೆ ಹೊಂಡಕ್ಕೆ ಕನಿಷ್ಠ ಅಷ್ಟು ದಿನ ಬೇಕು. ವಾರವಾದರೂ ಕದಡಿಯೇ ಇದ್ದರೆ ಮಣ್ಣಿನಲ್ಲಿ ಸೋಡಿಯಂ ಹೆಚ್ಚು, ಅಂದರೆ ಕ್ಷಾರ ಗುಣ ಇರಬಹುದು. ಮಣ್ಣು ಪರೀಕ್ಷೆ ಮಾಡಿಸಿ. ಜಿಪ್ಸಂ ಹಾಕಿದರೆ ಜೇಡಿ ಗಂಟುಕಟ್ಟಿ ಬೇಗ ಕೂರುತ್ತದೆ. ಅದನ್ನೂ ಮೊದಲು ಬಾಟಲಿಯಲ್ಲೇ ಒಂದು ಚಿಟಿಕೆ ಹಾಕಿ ನೋಡಿ.

ಕೊನೆಗೊಂದು ನೇರ ಮಾತು: ಬಾವಿ ತುಂಬಿದರೆ ನಿಮ್ಮ 320 ಅಡಿ ಬೋರು ಏಪ್ರಿಲ್ ತನಕ ನಡೆಯುತ್ತದೆ ಅಂತ ಯಾರಾದರೂ ಖಾತ್ರಿ ಕೊಟ್ಟರೆ ನಂಬಬೇಡಿ. ಬೋರಿನ ನೀರು ಮೇಲಿನ ಪದರದಿಂದ ಇಳಿದು ಬರುವುದಾದರೆ ಲಾಭ ಇದೆ. ನಡುವೆ ಕೆಂಪು ಜೇಡಿ ಅಡ್ಡ ಇದ್ದರೆ ಬಾವಿಗೆ ಮಾತ್ರ. ಬೋರು ಹೊಡೆದಾಗ ಎಷ್ಟು ಅಡಿಗೆ ನೀರು ಬಂತು, ಯಾವ ಬಣ್ಣದ ಪುಡಿ ಬಂತು ಅಂತ ಬರೆದಿಟ್ಟಿದ್ದರೆ ಅದನ್ನು ಇಲ್ಲಿ ಹಾಕಿ. ಇಲ್ಲದಿದ್ದರೆ 15 ದಿನಕ್ಕೊಮ್ಮೆ ಬಾವಿ, ಬೋರು ಎರಡರ ಮಟ್ಟವನ್ನೂ ಬೆಳಿಗ್ಗೆ ಮೋಟಾರ್ ಹಾಕುವ ಮೊದಲು ನೂಲಿನಲ್ಲಿ ಅಳೆದು ಒಂದೇ ಪುಟದಲ್ಲಿ ಬರೆಯುತ್ತಾ ಹೋಗಿ. ಒಂದು ವರ್ಷದಲ್ಲಿ ನಿಮಗೇ ಗೊತ್ತಾಗುತ್ತದೆ.

---

ಸುರಂಗಬಾವಿ (ಬೀದರ):

ಇದನ್ನು ಓದಿ ಬೀದರ ಕಡೆಯವರು ಹಾಗೇ ಮಾಡಲು ಹೋಗಬಾರದು ಅಂತ ಬರೆಯುತ್ತಿದ್ದೇನೆ. ಬೀದರ, ಹುಮನಾಬಾದ, ಬಸವಕಲ್ಯಾಣದ ಎತ್ತರದ ಭಾಗದಲ್ಲಿ ಬಸಾಲ್ಟಿನ ತಲೆಯ ಮೇಲೆ ಕೆಂಪು ಜಂಬಿಟ್ಟಿಗೆ ಕೂತಿದೆ. ಅದು ಸ್ಪಂಜಿನ ಹಾಗೆ ಕುಡಿಯುತ್ತದೆ. ನೀರು ಅದರೊಳಗೆ ಇಳಿದು, ಕೆಳಗಿನ ಗಟ್ಟಿ ಪದರ ತಾಕಿದಲ್ಲಿ ನಿಂತು ಅಡ್ಡಕ್ಕೆ ಹರಿಯುತ್ತದೆ. 15ನೇ ಶತಮಾನದಲ್ಲಿ ಬಹಮನಿಯರ ಕಾಲಕ್ಕೆ ತೋಡಿದ ಕಾರೇಜುಗಳು, ನೌಬಾದಿನದೂ ಸೇರಿ, ಹಿಡಿದದ್ದು ಆ ಅಡ್ಡ ಹರಿವನ್ನೇ. ನೆಲದಡಿಯ ಸುರಂಗ, ಅಲ್ಲಲ್ಲಿ ಮೇಲಕ್ಕೆ ಬಾಯಿ ತೆರೆದ ಗಾಳಿಬಾವಿಗಳು. ಎತ್ತುವ ಕೆಲಸವಿಲ್ಲ, ಇಳಿಜಾರಿನಲ್ಲಿ ನೀರು ತಾನೇ ಬರುತ್ತದೆ.

ಹಾಗಾಗಿ ಇಲ್ಲಿ 12 ಮೀಟರ್ ಹೊಂಡ, ಸೈಫನ್ ಏನೂ ಬೇಡ. ಹೊಲದ ಬದುವಿನ ಮೇಲ್ಬದಿಗೆ ಎರಡು ಅಡಿ ಆಳ, ಎರಡು ಅಡಿ ಅಗಲದ ತುಂಡು ತುಂಡು ಕಂದಕ ತೋಡಿದರೆ ನೀರು ಬೇಗ ಇಂಗಿಬಿಡುತ್ತದೆ. ಇಲ್ಲಿಯ ಕಷ್ಟ ಬೇರೆ. ಇಷ್ಟು ಬೇಗ ಇಂಗುವ ನೆಲದಲ್ಲಿ ಕೊಳಕೂ ಅಷ್ಟೇ ಬೇಗ ಇಳಿಯುತ್ತದೆ. ಶೌಚದ ಗುಂಡಿ, ತಿಪ್ಪೆ, ಚರಂಡಿಯಿಂದ ಕನಿಷ್ಠ 50 ಅಡಿ ದೂರ ಇರಬೇಕು, ಅದೂ ಇಳಿಜಾರಿನ ಮೇಲ್ಬದಿಗೆ. ಕಾರೇಜಿನ ಗಾಳಿಬಾವಿಗಳನ್ನು ಕಸ ತುಂಬಿ ಮುಚ್ಚುವುದು, ಅವುಗಳ ಮೇಲೆ ಮನೆ ಕಟ್ಟುವುದು ಇನ್ನೂ ನಿಲ್ಲಬೇಕಾಗಿದೆ. ಒಂದು ಬಾಯಿ ಕುಸಿದರೆ ಅದರ ಹಿಂದಿನ ಸುರಂಗದ ನೀರೆಲ್ಲ ನಿಂತುಬಿಡುತ್ತದೆ.

ಸೇಡಂ, ಚಿತ್ತಾಪುರದ ಸುಣ್ಣದ ಕಲ್ಲಿಗೂ ಇದೇ ಎಚ್ಚರಿಕೆ. ಕಲ್ಲಿನೊಳಗೆ ನೀರೇ ಕೊರೆದ ದಾರಿಗಳಿರುತ್ತವೆ. ಅವು ಸೋಸುವುದಿಲ್ಲ, ಸಾಗಿಸುತ್ತವೆ. ಒಂದು ಕಡೆ ಬಿಟ್ಟ ಹೊಲಸು ದೂರದ ಬಾವಿಯಲ್ಲಿ ಕಾಣಿಸಿಕೊಳ್ಳಬಹುದು.

---

ಮಾಳಿಗೆಮನೆ (ಕಲಬುರಗಿ):

ನಡುವೆ ಕೇಳ್ತೀನಿ, ಮಾಫ್ ಮಾಡ್ರಿ. ಊರಾಗ 1,200 ಚದರ ಅಡಿ ಮಾಳಿಗಿ, ಮನಿ ಮುಂದ ಬೋರು. ಮಾಳಿಗಿ ನೀರು ಸೀದಾ ಬೋರಿಗೆ ಬಿಡಬಹುದಾ?

---

ಫರ್ಸಿಕಲ್ಲು (ಚಿತ್ತಾಪುರ):

ಮಾಳಿಗೆ ನೀರಿನಲ್ಲಿ ಎರಿ ಮಣ್ಣಿಲ್ಲ, ಅದಕ್ಕೆ ನಿಮ್ಮ ಕೆಲಸ ಸುಲಭ. 1,200 ಚದರ ಅಡಿ ಅಂದರೆ 111 ಚದರ ಮೀಟರ್. ವರ್ಷಕ್ಕೆ 750 ಮಿಲಿಮೀಟರ್ ಮಳೆ ಹಿಡಿದು, ಐದರಲ್ಲಿ ನಾಲ್ಕು ಪಾಲು ಸಿಕ್ಕರೆ ಸುಮಾರು 67,000 ಲೀಟರ್. ನನ್ನನ್ನು ಕೇಳಿದರೆ ಮೊದಲು ಸಂಪು ತುಂಬಿಸಿ, ಸಂಪು ತುಂಬಿ ಹೆಚ್ಚಾದದ್ದು ಬೋರಿಗೆ.

ಮೊದಲ 2 ಮಿಲಿಮೀಟರ್ ಮಳೆ ಮಾಳಿಗೆಯ ಧೂಳು, ಹಕ್ಕಿ ಹಿಕ್ಕೆ ತೊಳೆದು ಬರುತ್ತದೆ. ಅದು 220 ಲೀಟರ್. 200 ಲೀಟರಿನ ಒಂದು ಡ್ರಮ್ ಇಳಿಪೈಪಿಗೆ ಟೀ (T ಆಕಾರದ ಪೈಪ್ ತುಂಡು) ಹಾಕಿ ಜೋಡಿಸಿ. ಡ್ರಮ್ ತುಂಬಿದ ಮೇಲೆ ನೀರು ತಾನೇ ಮುಂದಿನ ಫಿಲ್ಟರಿಗೆ ಹೋಗುತ್ತದೆ. ಡ್ರಮ್ಮಿನ ತಳದಲ್ಲಿ ಸಣ್ಣ ನಲ್ಲಿ ಇಟ್ಟು ಪ್ರತಿ ಮಳೆ ಆದ ಮೇಲೆ ಖಾಲಿ ಮಾಡಲೇಬೇಕು. ಮರೆತರೆ ಮುಂದಿನ ಮಳೆಯ ಹೊಲಸು ಸೀದಾ ಒಳಗೆ, ಜೊತೆಗೆ ಸೊಳ್ಳೆ. ಫಿಲ್ಟರಿಗೆ ಇನ್ನೊಂದು ಡ್ರಮ್ ಸಾಕು, ಪದರಗಳು ಮೇಲೆ ಹೇಳಿದ ಕ್ರಮದಲ್ಲೇ. ಅಂಗಳ, ರಸ್ತೆಯ ನೀರನ್ನು ಅದಕ್ಕೆ ಸೇರಿಸಬೇಡಿ. ಕುಡಿಯುವ ಬೋರಾದರೆ ಮಳೆಗಾಲದ ಮೊದಲು, ಆಮೇಲೆ ಒಮ್ಮೆ ನೀರು ಪರೀಕ್ಷೆ ಮಾಡಿಸಿ.

---

ಹಗ್ಗಗಾಣಿ (ಯಾದಗಿರಿ):

ನೀರಿನ ಲೆಕ್ಕ ಎಲ್ಲರೂ ಹೇಳಿದ್ದಾರೆ. ಜೀವದ ಲೆಕ್ಕ ನಾನು ಹೇಳುತ್ತೇನೆ, ಇವು ಬಿಟ್ಟು ಕೆಲಸ ಶುರು ಮಾಡಬೇಡಿ.

ಫೇಲಾದ 480 ಅಡಿ ಬೋರು ಈಗ ಹೇಗಿದೆ? ಗೋಣಿಚೀಲ ಕಟ್ಟಿ ಮೇಲೊಂದು ಕಲ್ಲು ಇಟ್ಟಿದ್ದರೆ ಇವತ್ತೇ ಅದನ್ನು ಸರಿಮಾಡಿ. ಬಿಸಿಲಿಗೆ ಗೋಣಿ ಕೊಳೆಯುತ್ತದೆ, ಆಡುವ ಮಗುವಿಗೆ ಅದು ನೆಲದ ಹಾಗೇ ಕಾಣುತ್ತದೆ. 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಕ್ರಮ ಸ್ಪಷ್ಟವಾಗಿದೆ: ಕೇಸಿಂಗ್ ಸುತ್ತ 50×50 ಸೆಂಟಿಮೀಟರ್ ಕಾಂಕ್ರೀಟ್ ಕಟ್ಟೆ, ನೆಲದ ಕೆಳಗೆ 30, ಮೇಲೆ 30 ಸೆಂಟಿಮೀಟರ್. ಬಾಯಿಗೆ ಉಕ್ಕಿನ ತಗಡು ವೆಲ್ಡ್ ಮಾಡಬೇಕು, ಇಲ್ಲವೇ ನಟ್ಟು ಬೋಲ್ಟ್ ಹಾಕಿದ ಗಟ್ಟಿ ಮುಚ್ಚಳ. ಬಳಸುವುದೇ ಇಲ್ಲ ಅಂತ ತೀರ್ಮಾನವಾದ ಬೋರನ್ನು ತಳದಿಂದ ನೆಲದ ಮಟ್ಟದವರೆಗೆ ಮಣ್ಣು, ಮರಳು, ಕಲ್ಲುಪುಡಿ ತುಂಬಿ ಮುಚ್ಚಬೇಕು. ನಿಮ್ಮದು ಟ್ಯಾಂಕರ್ ಪರೀಕ್ಷೆಯಲ್ಲಿ ಕುಡಿಯದಿದ್ದರೆ ಇದೇ ದಾರಿ. ತುಂಬುವಾಗ ಒಮ್ಮೆಲೇ ಸುರಿದರೆ ನಡುವೆ ಸಿಕ್ಕಿಕೊಂಡು ಮೇಲೆ ತುಂಬಿದಂತೆ ಕಾಣುತ್ತದೆ, ಒಂದು ಮಳೆಗೆ ಕುಸಿಯುತ್ತದೆ. ಸ್ವಲ್ಪ ಸ್ವಲ್ಪ ಹಾಕಿ, ನಡುನಡುವೆ ನೀರು ಬಿಡಿ, ಒಂದು ಮಳೆಗಾಲ ಕಳೆದ ಮೇಲೆ ಮತ್ತೆ ನೋಡಿ ತುಂಬಿ. ಫೇಲಾದ ಬೋರು ಮುಚ್ಚದಿದ್ದರೆ ಶಿಕ್ಷೆ, ದಂಡ ಎಂದು 2024ರಲ್ಲಿ ರಾಜ್ಯದ ಅಂತರ್ಜಲ ಕಾಯ್ದೆಗೆ ತಿದ್ದುಪಡಿಯನ್ನೂ ತರಲಾಗಿದೆ.

ಬಾವಿ ಹೂಳು ತೆಗೆಯುವಾಗ: ವರ್ಷಗಟ್ಟಲೆ ಯಾರೂ ಇಳಿಯದ ಬಾವಿಯಲ್ಲಿ ಉಸಿರಾಡುವ ಗಾಳಿ ಇಲ್ಲದೆ ಇರಬಹುದು. ಇಳಿಯುವ ಮೊದಲು ಎಲೆಗಳಿರುವ ದೊಡ್ಡ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಹತ್ತಾರು ಸಲ ಮೇಲೆ ಕೆಳಗೆ ಆಡಿಸಿ, ಇಲ್ಲವೇ ಬ್ಲೋವರ್ ಬಿಡಿ. ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸಲೇಬಾರದು. ಅದರ ಹೊಗೆಯಲ್ಲಿನ ವಿಷಗಾಳಿಗೆ ವಾಸನೆ ಇಲ್ಲ, ದೀಪ ಇಳಿಸಿ ನೋಡಿದರೂ ಗೊತ್ತಾಗುವುದಿಲ್ಲ. ಇಳಿದವರ ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು. ಒಳಗಿನವರು ಕುಸಿದರೆ ಹಗ್ಗದಲ್ಲಿ ಎಳೆಯಬೇಕೇ ಹೊರತು ಇನ್ನೊಬ್ಬರು ಹಿಂದೆ ಧುಮುಕಬಾರದು. ಎರಡನೆಯವರ ಜೀವ ಹೋಗುವುದು ಹೀಗೆಯೇ.

ಹೊಂಡಕ್ಕೆ ಸುತ್ತ ನಾಲ್ಕು ಅಡಿ ಬೇಲಿ. ಒದ್ದೆ ಎರಿ ಮಣ್ಣಿನ ಓರೆ ಸಾಬೂನಿನಂತೆ ಜಾರುತ್ತದೆ, ಈಜು ಬಂದವರೂ ಹತ್ತಲಾರರು. ನಾಲ್ಕೂ ದಂಡೆಗೆ ಗೂಟ ಹೊಡೆದು, ಎರಡು ಅಡಿಗೊಂದು ಗಂಟು ಹಾಕಿದ ಹಗ್ಗವನ್ನು ತಳದವರೆಗೆ ಇಳಿಬಿಡಿ. ಹಗ್ಗದ ತುದಿಗೆ ಹಳೇ ಟೈರ್ ಟ್ಯೂಬಿಗೆ ಗಾಳಿ ತುಂಬಿ ಕಟ್ಟಿದರೆ ಇನ್ನೂ ಒಳ್ಳೆಯದು.

---

ತೊಗರಿಹೊಲ:

ಬೋರಿಗೆ ಗೋಣಿನೇ ಅದರೀ. ನಾಳೆ ವೆಲ್ಡಿಂಗ್‌ನವರನ್ನ ಕರೆಸ್ತೀನಿ. ಆದ್ರ ವೆಲ್ಡ್ ಮಾಡಿಬಿಟ್ರ ಟ್ಯಾಂಕರ್ ಪರೀಕ್ಷಿ ಹೆಂಗ ಮಾಡೋದ್ರಿ?

---

ಹಗ್ಗಗಾಣಿ (ಯಾದಗಿರಿ):

ಈಗ ವೆಲ್ಡ್ ಬೇಡ. ಕೇಸಿಂಗಿಗೆ ಕ್ಲಾಂಪ್ ಹಾಕಿಸಿ, 6 ಮಿಲಿಮೀಟರ್ ದಪ್ಪದ ತಗಡಿಗೆ ನಾಲ್ಕು ಬೋಲ್ಟ್ ಕೊಡಿಸಿ. ತಗಡಿನ ನಡುವೆ ಎರಡು ಇಂಚಿನ ತೂತು ಮಾಡಿಸಿ ತಿರುಪಿನ ಮುಚ್ಚಳ ಹಾಕಿಸಿ. ಟ್ಯಾಂಕರಿನ ದೊಡ್ಡ ಪೈಪಿಗೆ ತಗಡು ಬಿಚ್ಚಿ, ನೀರು ಬಿಟ್ಟಾದ ಮೇಲೆ ಬಿಗಿದುಬಿಡಿ. ನೂಲು ಇಳಿಸಲು ಸಣ್ಣ ತೂತೇ ಸಾಕು. ಬೋಲ್ಟಿನ ಪಾನಾ ಮನೆಯಲ್ಲಿರಲಿ, ಹೊಲದಲ್ಲಿ ಬೇಡ.